218 ರೂಪಾಯಿ ಬಾಕಿ, ಮೂರು ತಿರಸ್ಕೃತ ಅರ್ಜಿ: ಮೊದಲ ಕ್ರೆಡಿಟ್ ಕಾರ್ಡಿನ ಒಂದು ಪ್ರಕರಣ

ಇದು 24 ವರ್ಷದ ಹುಡುಗಿಯೊಬ್ಬಳ ಪ್ರಕರಣ. ಓದು ಮುಗಿಸಿ ಖಾಸಗಿ ಕಂಪನಿಯೊಂದರ ಬಿಲ್ಲಿಂಗ್ ವಿಭಾಗಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. ಕೈಗೆ ಬರುವ ಸಂಬಳ 26,500 ರೂಪಾಯಿ. ಮುಂದಿನ ವರ್ಷ ಸ್ಕೂಟರ್ ಕೊಳ್ಳುವ ಯೋಚನೆ. ಸ್ಕೂಟರಿಗೆ ಸಾಲ ಬೇಕು, ಸಾಲಕ್ಕೆ ಸಿಬಿಲ್ ಸ್ಕೋರ್ (ಸಾಲ ತೀರಿಸುವ ಅಭ್ಯಾಸಕ್ಕೆ ಕೊಡುವ ಅಂಕ) ಬೇಕು, ಸ್ಕೋರಿಗೆ ಕ್ರೆಡಿಟ್ ಕಾರ್ಡ್ ಬೇಕು ಎಂದು ಆಫೀಸಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. 2025ರ ಜನವರಿಯಲ್ಲಿ ಎರಡೇ ವಾರದಲ್ಲಿ ಮೂರು ಕಡೆ ಅರ್ಜಿ ಹಾಕಿದಳು. ಮೂರೂ ಕಡೆ ಆಗುವುದಿಲ್ಲ ಎಂದರು.

ನಾನು ಆದಾಯ ತೆರಿಗೆ ರಿಟರ್ನ್ ಮಾಡಿಕೊಡುವವನು. ಅವಳ ತಂದೆಯ ರಿಟರ್ನ್ ನನ್ನ ಬಳಿಯೇ ಆಗುವುದರಿಂದ ಈ ವಿಷಯವೂ ನನ್ನ ಮೇಜಿಗೆ ಬಂತು. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

“ನಾನು ಯಾರ ಹತ್ರಾನೂ ಒಂದು ರೂಪಾಯಿ ಸಾಲ ಮಾಡಿಲ್ಲ ಸರ್. ಅದಕ್ಕೇ ಕೊಡ್ತಿಲ್ವಂತೆ” ಅಂದಳು. ಅವಳ ಲೆಕ್ಕದಲ್ಲಿ ತೊಂದರೆ ಇಷ್ಟೇ: ಸಾಲದ ಇತಿಹಾಸ ಇಲ್ಲದವರಿಗೆ ಕಾರ್ಡ್ ಇಲ್ಲ, ಕಾರ್ಡ್ ಇಲ್ಲದವರಿಗೆ ಇತಿಹಾಸ ಹುಟ್ಟುವುದಿಲ್ಲ. ಇದು ಅರ್ಧ ನಿಜ. ಹೊಸಬರ ಅರ್ಜಿಯನ್ನು ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದರೂ, ಖಾಲಿ ವರದಿ ಕಂಡರೆ ಹಿಂಜರಿಯುವ ಬ್ಯಾಂಕುಗಳು ಇವೆ. ಆದರೆ ಅವಳ ವರದಿ ನಿಜವಾಗಿ ಖಾಲಿ ಇದೆಯೇ ಎಂದು ಯಾರೂ ತೆಗೆದು ನೋಡಿರಲಿಲ್ಲ.

ಬ್ಯಾಂಕಿನಿಂದ ಬಂದ ಪತ್ರಗಳನ್ನು ಮೊದಲು ಕೇಳಿದೆ. ಕಾರ್ಡ್ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬುದು 2022ರ ಕಾರ್ಡ್ ನಿರ್ದೇಶನದಲ್ಲೇ ಇದೆ. ಎರಡು ಇಮೇಲ್‌ಗಳಲ್ಲಿ “ಆಂತರಿಕ ನೀತಿ” ಎಂಬ ಉಪಯೋಗಕ್ಕೆ ಬಾರದ ಉತ್ತರ ಇತ್ತು. ಮೂರನೆಯದರಲ್ಲಿ ಮಾತ್ರ, ಬ್ಯೂರೋ (ಸಾಲದ ಮಾಹಿತಿ ಇಡುವ ಕಂಪನಿ) ವರದಿಯಲ್ಲಿ ಓವರ್‌ಡ್ಯೂ, ಅಂದರೆ ಗಡುವು ಮೀರಿದ ಬಾಕಿ, ಇದೆ ಎಂದು ಒಂದು ಸಾಲು. ಸಾಲವೇ ಮಾಡದವಳಿಗೆ ಓವರ್‌ಡ್ಯೂ ಎಲ್ಲಿಂದ ಬಂತು?

ವರದಿಯಲ್ಲಿ ಸಿಕ್ಕಿದ್ದು

ನಮ್ಮಲ್ಲಿ ಸಾಲದ ಮಾಹಿತಿ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಹಳೆಯದು ಸಿಬಿಲ್ ಆದ್ದರಿಂದ ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ. ಸ್ಕೋರ್ 300ರಿಂದ 900ರವರೆಗೆ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು, 2017ರಿಂದ ಈ ನಿಯಮ ಇದೆ. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಇಳಿಯುತ್ತದೆ ಎಂದು ಹೆದರಿ ನೋಡದೇ ಕೂರುವವರು ಬಹಳ ಮಂದಿ, ಇವಳೂ ಅವರಲ್ಲೊಬ್ಬಳು.

ಸಿಬಿಲ್‌ನ ವೆಬ್‌ಸೈಟಿನಿಂದಲೇ ವರದಿ ತೆಗೆದೆವು. ಸ್ಕೋರ್ ಕೊಡುತ್ತೇವೆ ಎಂದು ಫೋನ್ ನಂಬರ್ ಕೇಳುವ ಆ್ಯಪ್‌ಗಳ ಸಹವಾಸಕ್ಕೆ ಹೋಗಲಿಲ್ಲ, ಅಲ್ಲಿ ಸ್ಕೋರಿನ ಜೊತೆ ಸಾಲ ಮಾರುವವರ ಕರೆಗಳೂ ಬರುತ್ತವೆ. ಸ್ಕೋರ್ 631. ಇತಿಹಾಸವೇ ಇಲ್ಲದವರಿಗೆ ಅಂಕಿಯ ಜಾಗದಲ್ಲಿ ಎನ್‌ಎಚ್ ಎಂದು ಬರಬೇಕಿತ್ತು. ಕೆಳಗೆ ಹೋದರೆ ಖಾತೆಗಳ ಪಟ್ಟಿಯಲ್ಲಿ ಒಂದೇ ಒಂದು ಖಾತೆ. ಬಗೆ: ಕನ್ಸ್ಯೂಮರ್ ಲೋನ್. ಮಂಜೂರಾದ ಮೊತ್ತ 5,000. ಈಗಿನ ಬಾಕಿ 218. ಓವರ್‌ಡ್ಯೂ 218. ಅದರ ಕೆಳಗೆ ತಿಂಗಳವಾರು ಚೌಕಗಳು. ಸೆಪ್ಟೆಂಬರಿನಲ್ಲಿ 000, ಅಕ್ಟೋಬರಿನಲ್ಲಿ 026, ನವೆಂಬರಿನಲ್ಲಿ 056, ಡಿಸೆಂಬರಿನಲ್ಲಿ 087.

ಆ ಮೂರಂಕಿಗಳು ಕಟ್ಟಬೇಕಾದ ದಿನದಿಂದ ಎಷ್ಟು ದಿನ ತಡವಾಗಿದೆ ಎಂಬುದರ ಲೆಕ್ಕ. 000 ಇದ್ದರೆ ಸರಿ. 087 ಎಂದರೆ ಮೂರು ತಿಂಗಳಿಗೆ ಮೂರು ದಿನ ಕಡಿಮೆ. ಸಾಲ ಕೊಡುವವರ ಕಣ್ಣು ಸ್ಕೋರಿನ ಜೊತೆ ಈ ಚೌಕಗಳ ಮೇಲೂ ಬೀಳುತ್ತದೆ. ಇಂಥ 36 ತಿಂಗಳ ಚೌಕಗಳು ವರದಿಯಲ್ಲಿ ಕಾಣುತ್ತವೆ. 218 ರೂಪಾಯಿಯೋ 2 ಲಕ್ಷವೋ ಎಂಬುದು ಪಕ್ಕದ ಕಾಲಮಿನಲ್ಲಿದ್ದರೂ, ಮೊದಲ ಜರಡಿ ಹಿಡಿಯುವುದು ಕಂಪ್ಯೂಟರ್, ಅದಕ್ಕೆ ಕನಿಕರ ಇಲ್ಲ.

ಅವಳಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ಸೆಪ್ಟೆಂಬರಿನಲ್ಲಿ ಶಾಪಿಂಗ್ ಆ್ಯಪ್ ಒಂದರಲ್ಲಿ 2,750 ರೂಪಾಯಿಯ ವಸ್ತು ಕೊಂಡಾಗ “ಈಗ ಕೊಳ್ಳಿ, ಆಮೇಲೆ ಕಟ್ಟಿ” ಎಂಬ ಗುಂಡಿ ಒತ್ತಿದ್ದಳು. ಅಕ್ಟೋಬರ್ 5ಕ್ಕೆ ಕಟ್ಟಬೇಕಿತ್ತು, 9ಕ್ಕೆ ಕಟ್ಟಿದಳು, 2,750 ಪೂರ್ತಿ. ಆ ನಾಲ್ಕು ದಿನದ ತಡಕ್ಕೆ 185 ರೂಪಾಯಿ ಶುಲ್ಕ, ಅದಕ್ಕೆ ಶೇ 18 ಜಿಎಸ್‌ಟಿ, ಒಟ್ಟು 218 ಹೊಸದಾಗಿ ಬಿದ್ದಿತ್ತು. ಅವಳು ಅಷ್ಟರಲ್ಲಿ ಆ್ಯಪ್ ತೆಗೆದುಹಾಕಿದ್ದಳು. ನೆನಪೋಲೆಗಳು ಕಾಲೇಜು ದಿನಗಳ ಇಮೇಲ್ ವಿಳಾಸಕ್ಕೆ ಹೋಗಿ ಬಿದ್ದಿದ್ದವು.

“ಅದು ಸಾಲ ಅಂತಾನೇ ಗೊತ್ತಿರ್ಲಿಲ್ಲ ಸರ್.”

ಇದು ನಾನು ಪದೇ ಪದೇ ಕೇಳುವ ಮಾತು. ಅದು ಸಾಲವೇ. ಗುಂಡಿಯ ಹಿಂದೆ ಒಂದು ಬ್ಯಾಂಕ್ ಅಥವಾ ಬ್ಯಾಂಕೇತರ ಹಣಕಾಸು ಕಂಪನಿ ಇರುತ್ತದೆ. ಆ್ಯಪ್ ಮೂಲಕ ಕೊಟ್ಟ ಸಾಲ ಎಷ್ಟೇ ಸಣ್ಣದಿರಲಿ, ಎಷ್ಟೇ ಅಲ್ಪಾವಧಿಯದಿರಲಿ, ಬ್ಯೂರೋಗಳಿಗೆ ವರದಿ ಮಾಡಬೇಕೆಂದು 2022ರ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗಾಗಿ ಅವಳ ಸಾಲದ ಇತಿಹಾಸ ಶುರುವಾದದ್ದು ಕಾರ್ಡಿನಿಂದಲ್ಲ, ಆ 2,750ರಿಂದ.

ಮೊದಲು ಬಾಕಿ, ಆಮೇಲೆ ಕಾರ್ಡ್

ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದಾಗ ವಸೂಲಿ ವಿಭಾಗದವರು ಬಹಳ ಧಾರಾಳವಾಗಿ, 100 ರೂಪಾಯಿ ಕಟ್ಟಿ ಸೆಟಲ್ ಮಾಡಿಕೊಳ್ಳಿ ಎಂದರು. ಅವಳು ಖುಷಿಯಿಂದ ನನ್ನ ಕಡೆ ನೋಡಿದಳು. ಬೇಡ ಎಂದು ಕೈ ಆಡಿಸಿದೆ. ಪೂರ್ತಿ ಕಟ್ಟಿದರೆ ವರದಿಯಲ್ಲಿ “ಕ್ಲೋಸ್ಡ್” ಎಂದು ಬರುತ್ತದೆ. ಕಡಿಮೆಗೆ ಒಪ್ಪಂದ ಮಾಡಿಕೊಂಡರೆ “ಸೆಟಲ್ಡ್” ಎಂದು ಬರುತ್ತದೆ, ಅಂದರೆ ಈ ವ್ಯಕ್ತಿ ಕೊಡಬೇಕಾದ್ದನ್ನು ಪೂರ್ತಿ ಕೊಡಲಿಲ್ಲ ಎಂದು ಮುಂದಿನ ಸಾಲದಾತರಿಗೆಲ್ಲ ಬರೆದಿಟ್ಟಂತೆ. 118 ರೂಪಾಯಿ ಉಳಿಸಲು ಆ ಹಣೆಪಟ್ಟಿ ಕಟ್ಟಿಕೊಳ್ಳುವುದು ಮೂರ್ಖತನ. 218 ಕಟ್ಟಿ, ಖಾತೆ ಮುಚ್ಚಿಸಿ, ಬಾಕಿ ಇಲ್ಲ ಎಂಬ ಪತ್ರವನ್ನು ಇಮೇಲ್‌ನಲ್ಲಿ ತರಿಸಿಕೊಂಡಳು.

ಸಾಲ ಕೊಟ್ಟವರು ಕನಿಷ್ಠ 15 ದಿನಕ್ಕೊಮ್ಮೆ ಬ್ಯೂರೋಗಳಿಗೆ ಮಾಹಿತಿ ಕಳಿಸಬೇಕೆಂಬ ನಿಯಮ 2025ರ ಜನವರಿ 1ರಿಂದ ಬಂದಿದ್ದು ಇವಳಿಗೆ ಅನುಕೂಲವಾಯಿತು, ಮೊದಲಾದರೆ ಇನ್ನೂ ಹೆಚ್ಚು ದಿನ ಕಾಯಬೇಕಿತ್ತು. ಫೆಬ್ರವರಿ ಮಧ್ಯದ ಹೊತ್ತಿಗೆ ಮೂರು ಬ್ಯೂರೋಗಳಲ್ಲಿ ಬಾಕಿ ಸೊನ್ನೆಯಾಗಿತ್ತು. ನಾಲ್ಕನೆಯದರಲ್ಲಿ 218 ಹಾಗೇ ಕೂತಿತ್ತು. ಪತ್ರ ಲಗತ್ತಿಸಿ ಅವರ ಸೈಟಿನಲ್ಲೇ ದೂರು ಹಾಕಿಸಿದೆ. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗಡುವಿನ ಒಳಗೇ ಸರಿಯಾಯಿತು.

026, 056, 087 ಮಾತ್ರ ಹೋಗಲಿಲ್ಲ. ಹೋಗುವುದೂ ಇಲ್ಲ, ಏಕೆಂದರೆ ಅವು ಸುಳ್ಳಲ್ಲ. ತಪ್ಪು ಮಾಹಿತಿಯನ್ನು ತಿದ್ದಿಸಬಹುದು, ನಿಜವನ್ನು ಅಳಿಸಲಾಗುವುದಿಲ್ಲ. ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಎಂದು ಐದಾರು ಸಾವಿರ ಕೇಳುವವರು ಮಾಡುವುದು ಇದೇ ಉಚಿತ ದೂರನ್ನು. ಅದಕ್ಕೆ ಮೀರಿದ ಮಂತ್ರದಂಡ ಅವರ ಹತ್ತಿರ ಇಲ್ಲ.

ಜನವರಿಯ ಮೂರು ಅರ್ಜಿಗಳೂ ವರದಿಯ ಕೊನೆಯಲ್ಲಿ ಎನ್‌ಕ್ವೈರಿ ಎಂದು ತಾರೀಖು ಸಮೇತ ಕೂತಿದ್ದವು. ಎರಡು ವಾರದಲ್ಲಿ ಮೂರು ಕಡೆ ಸಾಲ ಕೇಳಿದವಳು ಯಾವುದೋ ಇಕ್ಕಟ್ಟಿನಲ್ಲಿದ್ದಾಳೆ ಎಂದು ನಾಲ್ಕನೆಯವರು ಊಹಿಸಿದರೆ ಅವರನ್ನು ದೂರುವಂತಿಲ್ಲ.

ಯಾವ ಕಾರ್ಡ್

ಅವಳ ಮುಂದೆ ಮೂರು ದಾರಿ ಇತ್ತು. ಒಂದು, ಕೆಲವು ತಿಂಗಳು ಸುಮ್ಮನಿದ್ದು ಸಂಬಳದ ಖಾತೆ ಇರುವ ಬ್ಯಾಂಕಿನಲ್ಲೇ ಮತ್ತೆ ಸಾಮಾನ್ಯ ಕಾರ್ಡಿಗೆ ಅರ್ಜಿ ಹಾಕುವುದು. ಎರಡು, ಶಾಪಿಂಗ್ ಆ್ಯಪ್ ಜೊತೆ ಸೇರಿ ಬ್ಯಾಂಕ್ ಕೊಡುವ ಕ್ಯಾಶ್‌ಬ್ಯಾಕ್ ಕಾರ್ಡ್. ಅವಳ ಮನಸ್ಸೆಲ್ಲ ಅದರ ಮೇಲೆ. ಮೂರು, ಎಫ್‌ಡಿ ಇಟ್ಟು ಅದರ ಮೇಲೆ ತೆಗೆದುಕೊಳ್ಳುವ ಕಾರ್ಡ್.

ಕ್ಯಾಶ್‌ಬ್ಯಾಕ್ ಕಾರ್ಡಿನ ವಾರ್ಷಿಕ ಶುಲ್ಕ 499, ಜಿಎಸ್‌ಟಿ ಸೇರಿ 589. ಸಾಮಾನ್ಯ ಖರ್ಚಿಗೆ ಸಿಗುವುದು ಶೇ 1. ಅಂದರೆ ವರ್ಷಕ್ಕೆ 58,900 ಖರ್ಚು ಮಾಡಿದ ಮೇಲೆ ಶುಲ್ಕದ ದುಡ್ಡು ವಾಪಸ್ ಬರುತ್ತದೆ, ಲಾಭ ಶುರುವಾಗುವುದು ಅಲ್ಲಿಂದ ಮುಂದೆ. ಆ್ಯಪ್‌ನಲ್ಲೇ ಕೊಂಡರೆ ಶೇ 5, ನಿಜ. ಆದರೆ 218ರ ಕಥೆ ಶುರುವಾದದ್ದೂ ಅಂಥದ್ದೇ ಆ್ಯಪ್‌ನಲ್ಲಿ. ಖರ್ಚು ಹೆಚ್ಚಿಸಿದಷ್ಟೂ ಬಹುಮಾನ ಕೊಡುವ ಕಾರ್ಡ್ ಲಿಮಿಟ್ ಕಡಿಮೆ ಇರುವ ಹೊಸಬರಿಗೆ ಹೇಳಿ ಮಾಡಿಸಿದ್ದಲ್ಲ ಎಂಬುದು ನನ್ನ ಅಭಿಪ್ರಾಯ. ನಿತ್ಯ ಪ್ರಯಾಣ ಮಾಡುವವರಿಗೆ ಪ್ರಯಾಣದ ಕಾರ್ಡ್ ಕೊಡಿಸಿದ್ದೇನೆ, ಅದು ಬೇರೆ ಮಾತು.

ಮೊದಲ ಕಾರ್ಡಿಗೆ ನಾನು ಕೇಳುವ ಪ್ರಶ್ನೆ ಒಂದೇ: ಇದನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದೇ? ಮುಂದೆ ಎಷ್ಟು ಕಾರ್ಡ್ ಬಂದರೂ ವರದಿಯಲ್ಲಿ ಎಲ್ಲಕ್ಕಿಂತ ಹಳೆಯದಾಗಿ ಉಳಿಯುವುದು ಇದು. ಶುಲ್ಕ ಜಾಸ್ತಿ ಅಂತಲೋ, ಆ ಆ್ಯಪ್ ಬಳಸುವುದು ಬಿಟ್ಟೆ ಅಂತಲೋ ಎರಡೇ ವರ್ಷಕ್ಕೆ ಮುಚ್ಚುವಂತಿದ್ದರೆ ಆ ಕಾರ್ಡ್ ಮೊದಲನೆಯದಾಗಬಾರದು. ಹಾಗೆ ನೋಡಿದರೆ ವಾರ್ಷಿಕ ಶುಲ್ಕ ಇಲ್ಲದ, ದೊಡ್ಡ ಬ್ಯಾಂಕಿನ ಸಾದಾ ಕಾರ್ಡೇ ಗೆಲ್ಲುತ್ತದೆ.

ಎಫ್‌ಡಿ ಕಾರ್ಡ್ ಆ ಲೆಕ್ಕಕ್ಕೆ ಹೊಂದಿತು. ಸಂಬಳದ ಖಾತೆಯ ಬ್ಯಾಂಕಿನಲ್ಲೇ 20,000 ರೂಪಾಯಿ ಎಫ್‌ಡಿ ಇಟ್ಟಳು. ಅದರ ಶೇ 90, ಅಂದರೆ 18,000 ಲಿಮಿಟ್. ಎಫ್‌ಡಿಯ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ. ಬ್ಯಾಂಕಿಗೆ ಭದ್ರತೆ ಇರುವುದರಿಂದ ಹಳೆಯ ಚೌಕಗಳ ಬಗ್ಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ವರದಿಯಲ್ಲಿ ಇದು ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ಎಂದು ದಾಖಲಾಗುತ್ತದೆ, ಕಟ್ಟಿದ್ದು ಕಟ್ಟದ್ದು ಎಲ್ಲ ಮಾಮೂಲು ಕಾರ್ಡಿನ ಹಾಗೆಯೇ ನಾಲ್ಕೂ ಬ್ಯೂರೋಗಳಿಗೆ ಹೋಗುತ್ತದೆ. ನೋಡಲು ಕ್ರೆಡಿಟ್ ಕಾರ್ಡಿನಂತೆಯೇ ಇರುವ ಪ್ರೀಪೇಯ್ಡ್ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿವೆ. ಮೊದಲೇ ದುಡ್ಡು ತುಂಬಿ ಬಳಸುವ ಅವುಗಳಿಂದ ಸ್ಕೋರಿಗೆ ಏನೂ ಆಗುವುದಿಲ್ಲ. ಡೆಬಿಟ್ ಕಾರ್ಡ್, ಬ್ಯಾಂಕ್ ಖಾತೆಯ ಯುಪಿಐ, ಉಳಿತಾಯ ಖಾತೆಯ ಬ್ಯಾಲೆನ್ಸ್ ಕೂಡ ಅಷ್ಟೇ. ಖಾತೆಯಲ್ಲಿ ಲಕ್ಷ ಇಟ್ಟವರ ವರದಿಯೂ ಖಾಲಿ ಇರಬಹುದು.

ಎಫ್‌ಡಿ ಕಾರ್ಡಿಗೂ ಒಂದು ಮುಳ್ಳಿದೆ. ಬಾಕಿ ಉಳಿಸಿಕೊಂಡರೆ ಬ್ಯಾಂಕ್ ಎಫ್‌ಡಿಯನ್ನೇ ಮುರಿದುಕೊಳ್ಳಬಹುದು. ಹಾಗೆ ಮುರಿದುಕೊಂಡರೂ ಅದಕ್ಕೆ ಮೊದಲಿನ ತಡದ ದಿನಗಳು ವರದಿಯಲ್ಲಿ ಇದ್ದೇ ಇರುತ್ತವೆ. ದುಡ್ಡೂ ಹೋಯಿತು, ಹೆಸರೂ ಹೋಯಿತು.

ಕಾರ್ಡಿನ ನೆಟ್‌ವರ್ಕ್ (ವೀಸಾ, ರುಪೇ ಮುಂತಾದವು) ಯಾವುದು ಬೇಕೆಂದು ಗ್ರಾಹಕರಿಗೆ ಆಯ್ಕೆ ಕೊಡಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಿಂದ ಇದೆ. ರುಪೇ ತೆಗೆದುಕೊಂಡಳು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂಗಡಿಯವರಿಗೆ ಕ್ರೆಡಿಟ್ ಕಾರ್ಡಿನಿಂದಲೇ ಕೊಡಬಹುದು ಎಂಬ ಕಾರಣಕ್ಕೆ. ನನಗೆ ಅರ್ಧ ಮನಸ್ಸು. ಹತ್ತು, ಇಪ್ಪತ್ತು ರೂಪಾಯಿ ಸ್ಕ್ಯಾನ್ ಮಾಡುತ್ತ ಹೋದರೆ ತಿಂಗಳ ಕೊನೆಗೆ ಬಿಲ್ಲಿನಲ್ಲಿ ಎಂಬತ್ತು ಸಾಲು ಇರುತ್ತದೆ, ಒಂದನ್ನೂ ಯಾರೂ ಓದುವುದಿಲ್ಲ.

ಒಂದು ಕಾಗದದ ಲೆಕ್ಕ

ಅರ್ಜಿಗೆ ಸಹಿ ಹಾಕುವ ಮುಂಚೆ ಅವಳು ಕೇಳಿದ ಪ್ರಶ್ನೆ: “ಮಿನಿಮಮ್ ಡ್ಯೂ ಕಟ್ಟಿದ್ರೆ ಸ್ಕೋರಿಗೆ ಏನೂ ಆಗಲ್ಲ ಅಲ್ವಾ ಸರ್?” ಪ್ರಶ್ನೆ ಸರಿಯಾಗಿದೆ, ಉತ್ತರವೂ ಬಹುಮಟ್ಟಿಗೆ ಹೌದು. ಮಿನಿಮಮ್, ಅಂದರೆ ಬಿಲ್ಲಿನಲ್ಲಿ ಸೂಚಿಸಿದ ಕನಿಷ್ಠ ಮೊತ್ತ, ಕಟ್ಟಿದರೆ ತಡವಾಯಿತು ಎಂದು ದಾಖಲಾಗುವುದಿಲ್ಲ. ಅದಕ್ಕೇ ಅದು ಅಪಾಯಕಾರಿ. ಅವಳ ಕೈಗೇ ಪೆನ್ನು ಕೊಟ್ಟು ಬರೆಸಿದೆ.

ಜೂನ್ 3ರಂದು 14,000 ರೂಪಾಯಿಯ ಖರೀದಿ. ಜೂನ್ 12ಕ್ಕೆ ಬಿಲ್. ಜುಲೈ 2 ಕೊನೆಯ ದಿನ. ಪೂರ್ತಿ 14,000 ಕಟ್ಟಿದರೆ ಬಡ್ಡಿ ಸೊನ್ನೆ, 29 ದಿನ ಬೇರೆಯವರ ದುಡ್ಡು ಪುಕ್ಕಟೆ ಬಳಸಿದಂತೆ. ಪೂರ್ತಿ ಕಟ್ಟದೆ ಶೇ 5 ಮಿನಿಮಮ್, ಅಂದರೆ 700 ಮಾತ್ರ ಕಟ್ಟಿದಳು ಎನ್ನೋಣ. ಬಡ್ಡಿ ತಿಂಗಳಿಗೆ ಶೇ 3.5, ವರ್ಷಕ್ಕೆ 42. ಆ ಬಡ್ಡಿ ಜುಲೈ 2ರಿಂದ ಶುರುವಾಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ, ಜೂನ್ 3ರಿಂದಲೇ. ಪೂರ್ತಿ ಕಟ್ಟದ ಕ್ಷಣಕ್ಕೆ ಬಡ್ಡಿರಹಿತ ಅವಧಿ ಹಿಂದಿನಿಂದಲೇ ರದ್ದು. 14,000ಕ್ಕೆ 29 ದಿನದ ಬಡ್ಡಿ 467. ಉಳಿದ 13,300ಕ್ಕೆ ಜುಲೈ 12ರ ಬಿಲ್ಲಿನವರೆಗೆ 10 ದಿನದ ಬಡ್ಡಿ 153. ಒಟ್ಟು 620. ಅದರ ಮೇಲೆ ಜಿಎಸ್‌ಟಿ 112. ಹೊಸ ಬಿಲ್ 14,032.

700 ಕಟ್ಟಿದ ಮೇಲೆ ಬಿಲ್ 32 ರೂಪಾಯಿ ಜಾಸ್ತಿಯಾಗಿತ್ತು. ಅವಳು ಕ್ಯಾಲ್ಕ್ಯುಲೇಟರಿನಲ್ಲಿ ಮತ್ತೊಮ್ಮೆ ಹೊಡೆದು ನೋಡಿದಳು.

ಸಾಲ ಹೀಗೆ ಬೆಳೆಯುತ್ತಲೇ ಹೋಗದಂತೆ ರಿಸರ್ವ್ ಬ್ಯಾಂಕ್ ತಡೆ ಹಾಕಿದೆ. ಮುಂದಿನ ಬಿಲ್ಲಿನ ಮಿನಿಮಮ್‌ನಲ್ಲಿ ಆ ಬಡ್ಡಿ, ತೆರಿಗೆ ಪೂರ್ತಿ ಸೇರಿರುತ್ತದೆ. ಆದ್ದರಿಂದ ಎರಡನೇ ತಿಂಗಳ ಮಿನಿಮಮ್ 700 ಇರುವುದಿಲ್ಲ, 1,400ರ ಹತ್ತಿರ ಇರುತ್ತದೆ. ಅದೂ ಅಲ್ಲದೆ, ಹಳೇ ಬಾಕಿ ತೀರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ. ಎಟಿಎಂನಿಂದ ಕಾರ್ಡಿನಲ್ಲಿ ನಗದು ತೆಗೆದರಂತೂ ಬಡ್ಡಿರಹಿತ ಅವಧಿ ಎಂಬುದೇ ಇಲ್ಲ, ಮೇಲೆ ಶುಲ್ಕ ಬೇರೆ. ಎಫ್‌ಡಿಯಲ್ಲಿ ಅವಳಿಗೆ ಸಿಗುತ್ತಿದ್ದುದು ವರ್ಷಕ್ಕೆ ಶೇ 7ರ ಆಸುಪಾಸು. ಅದೇ ಎಫ್‌ಡಿಯ ಮೇಲಿನ ಕಾರ್ಡಿಗೆ ಶೇ 42 ಕಟ್ಟುವುದೆಂದರೆ ತನ್ನ ದುಡ್ಡನ್ನು ತಾನೇ ಆರು ಪಟ್ಟು ಬಡ್ಡಿಗೆ ಪಡೆದಂತೆ.

ಆ ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ನಾನು ಹೇಳಿದ ಬೇರೆ ಯಾವ ಮಾತೂ ಅಷ್ಟು ನಾಟಿದ್ದು ಕಾಣೆ.

ಮೊದಲ ಎರಡು ಬಿಲ್

ಸಂಬಳ ಬರುವುದು ತಿಂಗಳ ಕೊನೆಯ ದಿನ. ಬಿಲ್ 12ಕ್ಕೆ, ಕೊನೆಯ ದಿನ ಮುಂದಿನ ತಿಂಗಳ 2ರ ಸುಮಾರಿಗೆ ಬರುವಂತೆ ಬಿಲ್ಲಿನ ತಾರೀಖನ್ನು ಬದಲಿಸಿಕೊಂಡೆವು. ಗ್ರಾಹಕರು ಕೇಳಿದರೆ ಬ್ಯಾಂಕ್ ಬದಲಿಸಿಕೊಡಬೇಕು, ಆದರೆ ಹೆಚ್ಚಿನವರಿಗೆ ಹೀಗೆ ಕೇಳಬಹುದು ಎಂಬುದೇ ಗೊತ್ತಿಲ್ಲ. ಸಂಬಳ ಬರುವ ನಾಲ್ಕು ದಿನ ಮೊದಲು ಬಿಲ್ಲಿನ ಗಡುವು ಬೀಳುವ ಕಾರ್ಡು ಎಷ್ಟೇ ಒಳ್ಳೆಯದಾದರೂ ಪ್ರತಿ ತಿಂಗಳೂ ಹಿಂಸೆ. ಆಟೊ ಡೆಬಿಟ್‌ನಲ್ಲಿ ಎರಡು ಆಯ್ಕೆ ಇರುತ್ತದೆ, ಮಿನಿಮಮ್ ಅಥವಾ ಪೂರ್ತಿ. ಪೂರ್ತಿ ಆರಿಸಿದಳು.

ಅಲ್ಲೇ ಎಡವಟ್ಟಾಯಿತು. ಆಟೊ ಡೆಬಿಟ್ ಜಾರಿಗೆ ಬರುವುದು ಮುಂದಿನ ಬಿಲ್ಲಿನಿಂದ ಎಂದು ಫಾರಂನ ಕೆಳಗೆ ಸಣ್ಣಕ್ಷರದಲ್ಲಿತ್ತು. ಮೊದಲ ಬಿಲ್ ತಾನಾಗಿ ಕಟ್ಟಿಹೋಗುತ್ತದೆ ಎಂದು ಅವಳು ನಿಶ್ಚಿಂತೆಯಿಂದಿದ್ದಳು. ಗಡುವು ಕಳೆದು ಎರಡನೇ ದಿನ ಎಸ್‌ಎಂಎಸ್ ನೋಡಿ ಗಾಬರಿಯಾಗಿ ಫೋನ್ ಮಾಡಿದಳು. “ಈಗಲೇ ಕಟ್ಟಮ್ಮ, ಮಾತು ಆಮೇಲೆ” ಅಂದೆ. ಗಡುವಿನಿಂದ ಮೂರು ದಿನ ದಾಟಿದರೆ ಮಾತ್ರ ಬ್ಯೂರೋಗೆ ಬಾಕಿ ಎಂದು ವರದಿ ಮಾಡಬಹುದು, ವಿಳಂಬ ಶುಲ್ಕ ಹಾಕಬಹುದು. ಹಾಗಾಗಿ ವರದಿಗೆ ಕಲೆ ಬೀಳಲಿಲ್ಲ. ಬಡ್ಡಿಗೆ ಮಾತ್ರ ಈ ಮೂರು ದಿನದ ರಿಯಾಯಿತಿ ಸಿಗಲಿಲ್ಲ. ಮುಂದಿನ ಬಿಲ್ಲಿನಲ್ಲಿ 500ರ ಆಸುಪಾಸು ಬಡ್ಡಿ ಕೂತಿತ್ತು. ಮೊದಲ ಬಾರಿ, ಆಟೊ ಡೆಬಿಟ್ ನೋಂದಣಿ ಆಗಿತ್ತು ಎಂದು ಕಾಲ್ ಸೆಂಟರಿಗೆ ವಿನಯವಾಗಿ ಹೇಳಿದ್ದಕ್ಕೆ ಅದನ್ನು ವಾಪಸ್ ಮಾಡಿದರು. ಕೇಳದಿದ್ದರೆ ಮಾಡುತ್ತಿರಲಿಲ್ಲ.

ಇನ್ನೊಂದು ಗೊಂದಲ ಸ್ಕೋರಿನದು. ಆ ಮೊದಲ ಬಿಲ್ 15,600. ಫೋನ್ ರಿಪೇರಿ, ದಿನಸಿ, ಕರೆಂಟ್ ಬಿಲ್, ಎಲ್ಲವನ್ನೂ ಕಾರ್ಡಿಗೇ ಹಾಕಿದ್ದಳು. ಪೂರ್ತಿ ಕಟ್ಟಿಯೂ ಆಗಿತ್ತು. ಆದರೂ ಮುಂದಿನ ವರದಿಯಲ್ಲಿ ಸ್ಕೋರ್ ಏಳೆಂಟು ಅಂಕ ಇಳಿದಿತ್ತು. ಅವಳಿಗೆ ಸಿಟ್ಟು. “ಕಟ್ಟಿದ್ರೂ ಇಳಿಸ್ತಾರಲ್ಲ ಸರ್!”

ಬ್ಯೂರೋಗೆ ಸಾಮಾನ್ಯವಾಗಿ ಹೋಗುವುದು ಬಿಲ್ ತಯಾರಾದ ಹೊತ್ತಿನ ಬಾಕಿ. 18,000 ಲಿಮಿಟ್‌ನಲ್ಲಿ 15,600 ಎಂದರೆ ಶೇ 87. ಲಿಮಿಟ್ಟಿನ ಅಂಚಿನಲ್ಲಿ ಓಡಾಡುವವರನ್ನು ಸ್ಕೋರ್ ಅನುಮಾನದಿಂದ ನೋಡುತ್ತದೆ. ಶೇ 30ರೊಳಗೆ ಇಡಿ ಎಂದು ಎಲ್ಲರೂ ಹೇಳುವುದು ರೂಢಿಯ ಮಾತು, ಯಾವ ನಿಯಮದಲ್ಲೂ ಬರೆದಿಲ್ಲ. ಆದರೂ ಕೆಲಸಕ್ಕೆ ಬರುತ್ತದೆ. ಸಣ್ಣ ಲಿಮಿಟ್‌ನ ಕಷ್ಟ ಇದೇ: 18,000ದ ಶೇ 30 ಬರೀ 5,400, ಸಾಧಾರಣ ಖರ್ಚೂ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಖರ್ಚು ಕಡಿಮೆ ಮಾಡಲೇಬೇಕೆಂದಿಲ್ಲ. 12ಕ್ಕೆ ಬಿಲ್ ಆಗುತ್ತದಲ್ಲ, 9ನೇ ತಾರೀಖು ಕಾರ್ಡ್ ಆ್ಯಪ್ ತೆರೆದು ಬಾಕಿಯಲ್ಲಿ ಬಹುಪಾಲು ಮುಂಚೆಯೇ ಕಟ್ಟಿಬಿಡುವುದು. ಬಿಲ್ಲಿನಲ್ಲಿ ಎರಡು ಮೂರು ಸಾವಿರ ಉಳಿಯುತ್ತದೆ, ಅದನ್ನು ಆಟೊ ಡೆಬಿಟ್ ನೋಡಿಕೊಳ್ಳುತ್ತದೆ. ಎರಡು ತಿಂಗಳಲ್ಲಿ ಇಳಿದದ್ದು ಹತ್ತಿತು. ಸ್ಕೋರಿಗಾಗಿ ಬಾಕಿ ಉಳಿಸಿ ಸ್ವಲ್ಪ ಬಡ್ಡಿ ಕಟ್ಟಬೇಕು ಎಂದು ಆಫೀಸಿನಲ್ಲಿ ಇನ್ನೊಬ್ಬರು ಹೇಳಿದ್ದರಂತೆ. ಬಡ್ಡಿ ಕಟ್ಟಿದ್ದಕ್ಕೆ ಸ್ಕೋರಿನಲ್ಲಿ ಒಂದು ಅಂಕವೂ ಇಲ್ಲ.

ನಡುವಿನ ತಿಂಗಳುಗಳು

ಹೇಳಲು ಹೆಚ್ಚೇನಿಲ್ಲ, ಅದೇ ಒಳ್ಳೆಯ ಸುದ್ದಿ. ಪ್ರತಿ ತಿಂಗಳೂ 000. ವರ್ಷದೊಳಗೆ ಒಮ್ಮೆಯೂ ಬಳಸದ ಕಾರ್ಡನ್ನು ತಿಳಿಸಿ ಮುಚ್ಚಲು ಬ್ಯಾಂಕಿಗೆ ಅವಕಾಶ ಇದೆ, ಆದರೆ ಇವಳಿಗೆ ಆ ಭಯ ಇರಲಿಲ್ಲ.

ಫೋನ್ ಕರೆಗಳು ಮಾತ್ರ ಶುರುವಾದವು. ಕಾರ್ಡಿಗೆ ವಿಮೆ, ಖರೀದಿಯನ್ನು ಇಎಂಐ ಮಾಡಿಕೊಡುತ್ತೇವೆ, “ಲೈಫ್‌ಟೈಮ್ ಫ್ರೀ” ಎರಡನೇ ಕಾರ್ಡ್. ಕೇಳದೆ ಕಾರ್ಡ್ ಕೊಡುವಂತಿಲ್ಲ. ಬಂದ ಕಾರ್ಡನ್ನು 30 ದಿನದೊಳಗೆ ಚಾಲೂ ಮಾಡದಿದ್ದರೆ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು, ಒಪ್ಪಿಗೆ ಸಿಗದಿದ್ದರೆ ಬ್ಯಾಂಕೇ ಖರ್ಚಿಲ್ಲದೆ ಮುಚ್ಚಬೇಕು. ಆದ್ದರಿಂದ ಫೋನಿನಲ್ಲಿ ಯಾರೇ ಒಟಿಪಿ ಕೇಳಿದರೂ ಅದು ಒಪ್ಪಿಗೆಯ ಕಾಗದವಿದ್ದಂತೆ ಎಂದು ಹೇಳಿಟ್ಟಿದ್ದೆ. ಬಡ್ಡಿ ಇಲ್ಲದ ಇಎಂಐ ಒಂದನ್ನು ಮಾತ್ರ ಅವಳು ತೆಗೆದುಕೊಂಡಳು. ಸಂಸ್ಕರಣಾ ಶುಲ್ಕ 199, ಬಡ್ಡಿಯ ಭಾಗಕ್ಕೆ ಜಿಎಸ್‌ಟಿ ಬೇರೆ ಬಿತ್ತು. ಬಡ್ಡಿ ಇಲ್ಲ ಎಂದದ್ದು ಸುಳ್ಳಲ್ಲ, ಖರ್ಚಿಲ್ಲ ಎಂದು ಅವರೆಲ್ಲೂ ಹೇಳಿರಲಿಲ್ಲ.

ಸ್ಕೂಟರ್ ಸಾಲ

2026ರ ಫೆಬ್ರವರಿಯಲ್ಲಿ ವರದಿ ಮತ್ತೆ ತೆಗೆದಾಗ ಸ್ಕೋರ್ 741. ಹಳೆಯ 026, 056, 087 ಇನ್ನೂ ಅಲ್ಲೇ ಇದ್ದವು, ಆದರೆ ಅವುಗಳ ಮುಂದೆ ಈಗ ಒಂದು ವರ್ಷದ ಸೊನ್ನೆಗಳು ಸಾಲಾಗಿ ನಿಂತಿದ್ದವು. ಸ್ಕೂಟರ್ ಶೋರೂಂನವರು ನಾಲ್ಕು ಕಡೆ ಒಟ್ಟಿಗೆ ಅರ್ಜಿ ಹಾಕುತ್ತೇವೆ, ಯಾರು ಕೊಡುತ್ತಾರೋ ನೋಡೋಣ ಎಂದರು. ಅವಳು ಬೇಡ ಎಂದು, ಸಂಬಳದ ಖಾತೆಯ ಬ್ಯಾಂಕಿನಲ್ಲಿ ಮಾತ್ರ ಬಡ್ಡಿ ದರ ಕೇಳಿ, ಅಲ್ಲೊಂದೇ ಕಡೆ ಅರ್ಜಿ ಹಾಕಿದಳು. ಹಿಂದಿನ ವರ್ಷದ ಜನವರಿಯ ಪಾಠ ಇದ್ದುದರಿಂದ ನನ್ನನ್ನು ಕೇಳುವ ಅಗತ್ಯವೂ ಬೀಳಲಿಲ್ಲ. ಬ್ಯಾಂಕಿನ ಅಧಿಕಾರಿ ಹಳೆಯ ಬಾಕಿಯ ಬಗ್ಗೆ ಕೇಳಿದರಂತೆ. ಬಾಕಿ ಇಲ್ಲ ಎಂಬ ಪತ್ರವನ್ನು ಫೋನಿನಲ್ಲಿ ತೆರೆದು ತೋರಿಸಿದಳು. ಸಾಲ ಮಂಜೂರಾಯಿತು. ಕಂತಿನ ದಿನವನ್ನು ತಿಂಗಳ 5ಕ್ಕೆ ಇಡಿಸಿಕೊಂಡಿದ್ದಾಳೆ, ಕಾರ್ಡ್ ಬಿಲ್ ಹೋದ ಮೂರು ದಿನಕ್ಕೆ.

ಈಗ ಅದೇ ಬ್ಯಾಂಕ್ ಎಫ್‌ಡಿ ಇಲ್ಲದ ಕಾರ್ಡ್ ಕೊಡುತ್ತೇವೆ, 60,000 ಲಿಮಿಟ್ ಎಂದು ಸಂದೇಶ ಕಳಿಸಿದೆ. ಎಫ್‌ಡಿ ಮುರಿದು, ಹಳೇ ಕಾರ್ಡ್ ಮುಚ್ಚಿ ಹೊಸದು ತೆಗೆದುಕೊಳ್ಳಬೇಕೆಂದು ಅವಳ ಆಸೆ. ಮುಚ್ಚಲು ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಅವಳಿಗೇ ಕೊಡಬೇಕು. ಬಾಕಿ ಇರಬಾರದು, ಅಷ್ಟೇ. ಮುಚ್ಚಿದ ಖಾತೆಯ ಒಳ್ಳೆಯ ದಾಖಲೆಯೂ ತಕ್ಷಣ ವರದಿಯಿಂದ ಮಾಯವಾಗುವುದಿಲ್ಲ. ಆದ್ದರಿಂದ ಮುಚ್ಚಿದರೆ ಪ್ರಳಯವೇನೂ ಆಗದು. ಆದರೂ 20,000ದ ಎಫ್‌ಡಿ ಅವಳಿಗೆ ತುರ್ತಿಗಿರಲಿ ಎಂದು ಇಟ್ಟ ಏಕೈಕ ದುಡ್ಡು, ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ, ಇರಲಿ ಬಿಡು ಎಂಬುದು ನನ್ನ ವಾದ. ಹೊಸ ಕಾರ್ಡಿಗೆ ಅರ್ಜಿ ಹಾಕುವುದಾದರೆ ಸ್ಕೂಟರಿನ ಆರು ಕಂತು ಕಳೆಯಲಿ ಎಂದಿದ್ದೇನೆ. ಸಂದೇಶದಲ್ಲಿ ಕೊಡುಗೆ ಈ ತಿಂಗಳ ಕೊನೆಯವರೆಗೆ ಮಾತ್ರ ಎಂದಿದೆಯಂತೆ. ಹೋದ ತಿಂಗಳ ಸಂದೇಶದಲ್ಲೂ ಹಾಗೇ ಇತ್ತಲ್ಲ ಎಂದರೆ, “ಇರಬಹುದು ಸರ್, ಆದ್ರೂ…” ಎಂದು ಎಳೆಯುತ್ತಿದ್ದಾಳೆ. ಇನ್ನೂ ಇತ್ಯರ್ಥವಾಗಿಲ್ಲ.